ತನ್ನ ಬೆನ್ನು ತನಗೆ ಕಾಣದು

ಪ್ರತಿವರ್ಷವೂ ಶಾಲೆ ತೆರೆದು ಕೆಲವು ವಾರಗಳಾಗುವಷ್ಟರಲ್ಲಿ ತರಗತಿ ನಾಯಕರ ಆಯ್ಕೆ ನಡೆಯುತ್ತದೆ. ಬಳಿಕ ಶಾಲಾ ನಾಯಕನ ಚುನಾವಣೆ. ಗೆದ್ದವರಿಗೆ ನಾವು ಅವರ ಕರ್ತವ್ಯಗಳನ್ನು ತಿಳಿಸುತ್ತೇವೆ: ಅಸೆಂಬ್ಲಿಯಲ್ಲಿ ಸಾಲು ನೇರವಾಗಿರಬೇಕು, ಅಧ್ಯಾಪಕರು ಬರುವ ತನಕ ತರಗತಿಯಲ್ಲಿ ಗದ್ದಲವಾಗಬಾರದು, ಸಭೆ ಸಮಾರಂಭಗಳು ಹೊತ್ತಿಗೆ ಸರಿಯಾಗಿ ನಡೆಯಬೇಕು. ಆದರೆ ನಾಯಕನಾದವನು ತನ್ನ ಕುಂದನ್ನು ತಾನು ಅರಿಯುವುದು ಹೇಗೆ ಎಂಬ ಪಾಠವನ್ನು ಮಾತ್ರ ಹೆಚ್ಚಾಗಿ ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ನಾವು ಆ ಪಾಠವನ್ನೇ ಎತ್ತಿಕೊಳ್ಳೋಣ. ಇದು ನಾಯಕರಿಗೆ ಎಷ್ಟು ಅಗತ್ಯವೋ ಅವರನ್ನು ಆರಿಸಿದವರಿಗೂ ಅಷ್ಟೇ ಅಗತ್ಯ.

1. ಕಣ್ಣಿನ ಕುರುಡು ಚುಕ್ಕೆ

ಮೊದಲು ಒಂದು ಸಣ್ಣ ಪ್ರಯೋಗ. ಬಿಳಿ ಕಾಗದದ ಮೇಲೆ ಒಂದು ಕೂಡಿಸುವ ಚಿಹ್ನೆ (+) ಬರೆಯಿರಿ. ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಹೆಸರುಕಾಳಿನಷ್ಟು ದೊಡ್ಡ ಕಪ್ಪು ಚುಕ್ಕೆ ಇಡಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ನೋಡುತ್ತ, ಕೈ ಚಾಚಿ ಹಿಡಿದ ಕಾಗದವನ್ನು ಮೆಲ್ಲನೆ ಮುಖದ ಹತ್ತಿರ ತನ್ನಿರಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಫ್ರಾನ್ಸಿನ ವಿಜ್ಞಾನಿ ಎಡ್ಮೆ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಕಂಡುಹಿಡಿದನು. ಕಣ್ಣಿನ ಹಿಂಭಾಗದ ಅಕ್ಷಿಪಟದಿಂದ ದೃಷ್ಟಿನರವು ಮೆದುಳಿನತ್ತ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಅಲ್ಲಿ ಬಿದ್ದ ಬಿಂಬ ನಮಗೆ ಕಾಣದು. ಇದನ್ನೇ ಕುರುಡು ಚುಕ್ಕೆ ಅಥವಾ ಅಂಧಬಿಂದು ಎನ್ನುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಚುಕ್ಕೆ ಮಾಯವಾದಾಗ ಆ ಜಾಗದಲ್ಲಿ ಕಪ್ಪು ತೂತು ಕಾಣುವುದಿಲ್ಲ. ಸುತ್ತಲಿನ ಬಿಳಿ ಬಣ್ಣವನ್ನೇ ಮೆದುಳು ಅಲ್ಲಿಗೂ ತುಂಬಿಬಿಡುತ್ತದೆ. ಆದುದರಿಂದ ಏನೋ ಕಾಣುತ್ತಿಲ್ಲ ಎಂಬುದೇ ನಮಗೆ ತಿಳಿಯುವುದಿಲ್ಲ. ಎರಡನೆಯದಾಗಿ, ಆ ಒಂದೇ ಕಣ್ಣನ್ನು ಎಷ್ಟು ಅರಳಿಸಿದರೂ ಪ್ರಯೋಜನವಿಲ್ಲ. ಮುಚ್ಚಿದ ಇನ್ನೊಂದು ಕಣ್ಣನ್ನು ತೆರೆದರೆ ಚುಕ್ಕೆ ಕೂಡಲೇ ಕಾಣುತ್ತದೆ.

ನಡತೆಯ ವಿಷಯದಲ್ಲಿಯೂ ಹೀಗೆಯೇ. ನಮ್ಮೂರ ಬಯಲಾಟದ ಚೌಕಿಯಲ್ಲಿ ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಆದರೆ ಬೆನ್ನಿನ ಕಟ್ಟು ಬಿಗಿಯಲು ಇನ್ನೊಬ್ಬರ ಕೈ ಬೇಕು. ಅರಸನ ವೇಷವಾದರೂ ಇದು ತಪ್ಪುವುದಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಹುಟ್ಟಿದ್ದು ಇಂತಹ ಅನುಭವದಿಂದಲೇ ಇರಬೇಕು.

2. ನಾಲ್ಕು ಅಂಕಣದ ಕಿಟಕಿ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬವರು 1955ರಲ್ಲಿ ಈ ವಿಚಾರವನ್ನು ಒಂದು ಕಿಟಕಿಯ ಚಿತ್ರದಿಂದ ವಿವರಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಜೊಹಾರಿ ಕಿಟಕಿ ಎಂಬ ಹೆಸರು ಬಂತು. ಅದರಲ್ಲಿ ನಾಲ್ಕು ಅಂಕಣಗಳಿವೆ.

ಅ) ನಮಗೂ ಇತರರಿಗೂ ತಿಳಿದಿರುವುದು.
ಆ) ನಮಗೆ ತಿಳಿಯದೆ ಇತರರಿಗೆ ಮಾತ್ರ ತಿಳಿದಿರುವುದು.
ಇ) ನಮಗೆ ತಿಳಿದಿದ್ದು ಇತರರಿಂದ ಮುಚ್ಚಿಟ್ಟಿರುವುದು.
ಈ) ಯಾರಿಗೂ ತಿಳಿಯದಿರುವುದು.

ಎರಡನೆಯ ಅಂಕಣವೇ ನಡತೆಯ ಕುರುಡು ಚುಕ್ಕೆ. ಅದನ್ನು ತೆರೆಯುವ ಕೀಲಿಕೈ ಇತರರ ಬಳಿ ಇದೆ. ಅವರು ತಾವು ಕಂಡದ್ದನ್ನು ನಮಗೆ ಹಿಂದಿರುಗಿಸಿ ತಿಳಿಸುವುದಕ್ಕೆ ಶಿಕ್ಷಣಶಾಸ್ತ್ರದಲ್ಲಿ ಹಿಮ್ಮಾಹಿತಿ ಎಂದು ಹೆಸರು. ಸಾಮಾನ್ಯನಿಗೆ ಇದು ಹೇಗಾದರೂ ಸಿಕ್ಕೀತು: ಮನೆಯಲ್ಲಿ ಅಮ್ಮ ಹೇಳುತ್ತಾರೆ, ಬೆಂಚಿನ ಗೆಳೆಯ ನಕ್ಕು ಹೇಳುತ್ತಾನೆ. ಆದರೆ ಒಬ್ಬನು ಮೇಲೇರಿದಂತೆ ಅವನಿಗೆ ಹೇಳುವವರು ಕಡಿಮೆಯಾಗುತ್ತಾರೆ. ಕೆಲವರಿಗೆ ಹೆದರಿಕೆ, ಕೆಲವರಿಗೆ ದಾಕ್ಷಿಣ್ಯ, ಇನ್ನು ಕೆಲವರಿಗೆ ದೊಡ್ಡವರಿಗೆ ತಿಳಿಯದ್ದೇನು ಎಂಬ ನಂಬಿಕೆ. ಅಪಾಯವಿರುವುದು ಇಲ್ಲಿಯೇ.

3. ಗಟ್ಟಿಯಾಗಿ ಕೇಳದ ಒಂದು ಪ್ರಶ್ನೆ

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ಅನೇಕ ವಿಮಾನಗಳು ಇಲ್ಲಿ ಇಳಿದಿದ್ದವು. ಸಂಜೆಗೆ ದಟ್ಟವಾದ ಮಂಜು ಕವಿಯಿತು. ಹಾಲೆಂಡಿನ ಕೆಎಲ್‌ಎಂ ಸಂಸ್ಥೆಯ ಜಂಬೊ ವಿಮಾನ ಓಟಪಥದ ಒಂದು ತುದಿಯಲ್ಲಿ ಹೊರಡಲು ನಿಂತಿತ್ತು. ಅಮೆರಿಕದ ಪ್ಯಾನ್ ಅಮ್ ಸಂಸ್ಥೆಯ ಜಂಬೊ ಅದೇ ಓಟಪಥದಲ್ಲಿ ಇನ್ನೂ ಸಾಗುತ್ತಿತ್ತು. ಮಂಜಿನಲ್ಲಿ ಒಂದಕ್ಕೊಂದು ಕಾಣುತ್ತಿರಲಿಲ್ಲ.

ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಬಹಳ ಗೌರವ ಪಡೆದವರು. ಇತರ ಚಾಲಕರಿಗೆ ತರಬೇತಿ ಕೊಡುವವರು. ಅವರು ಹೊರಡಲು ಅವಸರಪಟ್ಟಾಗ, ಅನುಮತಿ ಇನ್ನೂ ಬಂದಿಲ್ಲವೆಂದು ಸಹಚಾಲಕ ಒಮ್ಮೆ ನೆನಪಿಸಿದರು. ಬಳಿಕ ನಿಯಂತ್ರಣ ಕೇಂದ್ರದಿಂದ ಬಂದದ್ದು, ಮೇಲೇರಿದ ಮೇಲೆ ಹಿಡಿಯಬೇಕಾದ ದಾರಿಯ ಕುರಿತ ಸೂಚನೆ ಮಾತ್ರ, ಹೊರಡಲು ಅನುಮತಿಯಲ್ಲ. ಆದರೂ ಕ್ಯಾಪ್ಟನ್ ವಿಮಾನವನ್ನು ಓಡಿಸತೊಡಗಿದರು. ಆಗ ಹಿಂದೆ ಕುಳಿತಿದ್ದ ಫ್ಲೈಟ್ ಇಂಜಿನಿಯರಿಗೆ ಸಂದೇಹ ಬಂತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಅವರು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡೂ ವಿಮಾನಗಳು ಅಪ್ಪಳಿಸಿ 583 ಜನರು ಮಡಿದರು.

ಮಂಜು, ನಿಲ್ದಾಣದ ಕಿಕ್ಕಿರಿತ, ಏಕಕಾಲಕ್ಕೆ ಬಂದ ರೇಡಿಯೋ ಮಾತುಗಳ ಗೊಂದಲ, ಇವೆಲ್ಲವೂ ಈ ದುರಂತಕ್ಕೆ ಕಾರಣಗಳೇ. ಆದರೂ ತಿಳಿದವರ ಮನಸ್ಸನ್ನು ಕಲಕಿದ್ದು ಆ ಪ್ರಶ್ನೆ. ಸರಿಯಾದ ಸಂದೇಹ ವಿಮಾನದ ಒಳಗೇ ಇತ್ತು; ಅದು ಕ್ಯಾಪ್ಟನ್ನರ ಗಮನವನ್ನು ಹಿಡಿದು ನಿಲ್ಲಿಸಲಿಲ್ಲ. ಇಂತಹ ದುರಂತಗಳಿಂದ ಕಲಿತು 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಒಂದು ಕಾರ್ಯಾಗಾರ ನಡೆಸಿತು. ಕಿರಿಯರು ಸಂದೇಹವನ್ನು ಬಿಡದೆ ಹೇಳುವುದನ್ನೂ, ಹಿರಿಯರು ಅದನ್ನು ನಿಂತು ಕೇಳುವುದನ್ನೂ ಕಲಿಸುವ ತರಬೇತಿ ಅಲ್ಲಿಂದ ಮುಂದೆ ಬೆಳೆಯಿತು. ಇಂದು ಲೋಕದ ಎಲ್ಲೆಡೆ ವಿಮಾನ ಚಾಲಕರಿಗೆ ಇದು ಕಲಿಕೆಯ ಒಂದು ಭಾಗವಾಗಿದೆ.

4. ಹೇಳುವ ಬಗೆ

ದೊಡ್ಡವರಿಗೆ ಹೇಗೆ ಹೇಳಬೇಕು? ಇದಕ್ಕೆ ಒಂದು ಒಳ್ಳೆಯ ಉದಾಹರಣೆ 1940ರ ಜೂನ್ 27ರ ಒಂದು ಪತ್ರ. ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ನಿನ ಪ್ರಧಾನಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಫ್ರಾನ್ಸ್ ಜರ್ಮನಿಗೆ ಶರಣಾಗಿತ್ತು. ಆ ಕಷ್ಟಕಾಲದಲ್ಲಿ ಅವರ ಪತ್ನಿ ಕ್ಲೆಮೆಂಟೈನ್ ಅವರಿಗೆ ಪತ್ರ ಬರೆದರು. ಮೊದಲು ಬರೆದುದನ್ನು ಹರಿದುಹಾಕಿ ಮತ್ತೊಮ್ಮೆ ಬರೆದ ಪತ್ರವದು.

ಅದರಲ್ಲಿದ್ದ ವಿಚಾರ ಇಷ್ಟು. ನಿಮ್ಮ ಒರಟು ಹಾಗೂ ವ್ಯಂಗ್ಯದ ಮಾತಿನಿಂದಾಗಿ ಸಹೋದ್ಯೋಗಿಗಳೂ ಕೈಕೆಳಗಿನವರೂ ನಿಮ್ಮನ್ನು ಇಷ್ಟಪಡದೆ ಹೋಗುವ ಅಪಾಯವಿದೆಯೆಂದು ನಿಮ್ಮ ಹಿತೈಷಿಯೊಬ್ಬರು ತಿಳಿಸಿದ್ದಾರೆ. ಸಭೆಯಲ್ಲಿ ಯಾರಾದರೂ ಸಲಹೆ ಕೊಟ್ಟರೆ ನೀವು ತಿರಸ್ಕಾರ ತೋರುತ್ತೀರಂತೆ. ಹೀಗಾದರೆ ಮುಂದೆ ಒಳ್ಳೆಯದಾಗಲಿ ಕೆಟ್ಟದಾಗಲಿ ಯಾವ ಸಲಹೆಯೂ ಬರಲಾರದು. ನೀವು ಮೊದಲಿನಷ್ಟು ಮೃದುವಾಗಿಲ್ಲವೆಂಬುದು ನನ್ನ ಗಮನಕ್ಕೂ ಬಂದಿದೆ. ಇಷ್ಟು ದೊಡ್ಡ ಅಧಿಕಾರವಿರುವಾಗ ಅದರ ಜೊತೆ ಸೌಜನ್ಯ, ದಯೆ, ಶಾಂತಿಗಳೂ ಇರಬೇಕು.

ಈ ಪತ್ರದಿಂದ ನಾವು ಕಲಿಯಬೇಕಾದುದು ನಾಲ್ಕು. ಅದು ನಾಲ್ಕು ಜನರ ಮುಂದೆ ಹೇಳಿದ ಮಾತಲ್ಲ. 'ನೀವು ಕೆಟ್ಟವರು' ಎನ್ನದೆ ಇಂತಹ ಸಂದರ್ಭದಲ್ಲಿ ಹೀಗೆ ನಡೆದುಕೊಳ್ಳುತ್ತೀರಿ ಎಂದು ನಡತೆಯನ್ನು ಮಾತ್ರ ಹೇಳಿದೆ. ಆ ನಡತೆಯಿಂದ ಕೆಲಸಕ್ಕೆ ಆಗುವ ಹಾನಿಯನ್ನು ತೋರಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ಬರೆದವರಿಗೆ ಆತನ ಮೇಲೆ ಪ್ರೀತಿಯಿತ್ತು. ನಿಂದಿಸುವವರಿಂದಲೂ ಉಪಕಾರವುಂಟೆಂದು ಪುರಂದರದಾಸರು ಕೀರ್ತನೆಯೊಂದರಲ್ಲಿ ಹೇಳಿದ್ದಾರೆ. ನಿಂದೆಯಿಂದಲೇ ಉಪಕಾರವಾಗುವುದಾದರೆ ಹಿತವಚನದಿಂದ ಇನ್ನೆಷ್ಟು ಆಗಬೇಡ!

5. ತಿದ್ದಿಕೊಳ್ಳುವ ಬಗೆ

ಕುಂದು ತಿಳಿದ ಮಾತ್ರಕ್ಕೆ ಹೋಗುವುದಿಲ್ಲ. ಅದನ್ನು ತಿದ್ದಿಕೊಳ್ಳಲು ಅಭ್ಯಾಸವೂ ಜೊತೆಗೆ ನಿಂತು ನಡೆಸುವವರೂ ಬೇಕು. ಅಧ್ಯಾಪಕರ ತರಬೇತಿಯಲ್ಲಿ ಸೂಕ್ಷ್ಮ ಬೋಧನೆ ಎಂಬ ಕ್ರಮವಿದೆ. ಇದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ನಮ್ಮ ದೇಶದಲ್ಲಿ ಬಳಕೆಗೆ ಬಂದ ಕ್ರಮ ಹೀಗಿದೆ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಹೊಸ ಸಿದ್ಧತೆ, 6 ನಿಮಿಷ ಮತ್ತೆ ಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ.

ಇದರಲ್ಲಿ ಒಂದು ಸಲಕ್ಕೆ ಒಂದೇ ಕೌಶಲವನ್ನು ನೋಡುತ್ತಾರೆ. ಪ್ರಶ್ನೆ ಕೇಳುವ ಬಗೆ ಎಂದರೆ ಅದು ಮಾತ್ರ. ಕಪ್ಪುಹಲಗೆಯ ಬರವಣಿಗೆಯನ್ನು ಆ ದಿನ ಎತ್ತುವುದಿಲ್ಲ. ಹತ್ತು ಕುಂದುಗಳನ್ನು ಒಟ್ಟಿಗೆ ಹೇಳಿದರೆ ಕೇಳುವವನು ಕುಗ್ಗುತ್ತಾನೆ. ಒಂದನ್ನು ಹೇಳಿ, ಕೂಡಲೇ ಮತ್ತೆ ಮಾಡಿಸಿದರೆ ತಿದ್ದಿಕೊಳ್ಳುತ್ತಾನೆ. ಹೆಚ್ಚು ಸಿದ್ಧತೆಗೇ 12 ನಿಮಿಷ ಮೀಸಲಿರುವುದನ್ನೂ ಗಮನಿಸಿರಿ. ಹೇಳಿಸಿಕೊಂಡವನಿಗೆ ಯೋಚಿಸಲು ಹೊತ್ತು ಕೊಡಬೇಕೆಂಬುದೇ ಅದರ ಅರ್ಥ. ಆಟದ ಮೈದಾನದ ಕೋಚ್ ಮಾಡುವ ಕೆಲಸವೂ ಇದೇ.

6. ನಮ್ಮ ಶಾಲೆಯಲ್ಲಿ

ತರಗತಿ ನಾಯಕರು ತಿಂಗಳಿಗೊಮ್ಮೆ ಮೂರು ಪ್ರಶ್ನೆಗಳನ್ನು ಸಹಪಾಠಿಗಳ ಮುಂದಿಡಲಿ: ನಾನು ಮಾಡುವುದರಲ್ಲಿ ಯಾವುದು ನಿಮಗೆ ಸಹಾಯವಾಗಿದೆ? ಯಾವುದನ್ನು ಬಿಡಬೇಕು? ಯಾವುದನ್ನು ಹೊಸದಾಗಿ ಮಾಡಬೇಕು? ಉತ್ತರಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ತರಗತಿಯ ಅಧ್ಯಾಪಕರಿಗೆ ಕೊಡಲಿ. ನಡತೆಯನ್ನು ಬಿಟ್ಟು ವ್ಯಕ್ತಿಯನ್ನು ಹಳಿಯುವ ಚೀಟಿಗಳನ್ನು ಅಧ್ಯಾಪಕರು ಬದಿಗಿಟ್ಟು, ಉಳಿದವನ್ನು ನಾಯಕನೊಡನೆ ಕುಳಿತು ಓದಲಿ. ಮುಂದಿನ ತಿಂಗಳಿಗೆ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಲಿ.

ಉದಾಹರಣೆಗೆ, ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ನಾಯಕನು ತನ್ನ ಗೆಳೆಯರ ಹೆಸರನ್ನು ಬರೆಯುವುದೇ ಇಲ್ಲ ಎಂದು ಐದಾರು ಚೀಟಿಗಳಲ್ಲಿ ಬಂದರೆ ಅದು ಅವನ ಕುರುಡು ಚುಕ್ಕೆ. ಅವನು ಬೇಕೆಂದೇ ಮಾಡಿರಲಾರ. ಗೆಳೆಯರ ಮಾತು ಅವನಿಗೆ ಗದ್ದಲವಾಗಿ ಕೇಳಿಸಿರಲಿಕ್ಕಿಲ್ಲ. ಆಗ ಅವನು ಸಮರ್ಥನೆಗೆ ತೊಡಗದೆ, ಬರೆದವರು ಯಾರೆಂದು ಹುಡುಕದೆ, ಮುಂದಿನ ವಾರ ಹೇಗೆ ಮಾಡಲಿ ಎಂದು ಯೋಚಿಸಬೇಕು. ಚೀಟಿ ಬರೆದವರ ಮೇಲೆ ಒಮ್ಮೆ ಸೇಡು ತೀರಿಸಿಕೊಂಡರೆ ಮುಂದಿನ ತಿಂಗಳು ಬರುವುದು ಹೊಗಳಿಕೆಯ ಚೀಟಿ ಮಾತ್ರ.

ಹೆತ್ತವರಲ್ಲಿಯೂ ಒಂದು ವಿನಂತಿ. ಮನೆಯಲ್ಲಿ ನಾಯಕರು ನೀವು. ಮಗು ಒಂದು ದಿನ ಅಂಜುತ್ತಂಜುತ್ತ, 'ನೀವು ನೆಂಟರ ಎದುರು ನನ್ನ ಮಾರ್ಕಿನ ಮಾತೆತ್ತುವುದು ಬೇಡ' ಎಂದರೆ ಅದನ್ನು ಅಧಿಕಪ್ರಸಂಗವೆಂದು ತಳ್ಳಿಬಿಡಬೇಡಿ. ನಿಮಗೆ ಕಾಣದ್ದನ್ನು ಅದು ಕಂಡು ಹೇಳುತ್ತಿದೆ. ಅಂದು ನೀವು ಕೇಳಿದರೆ ಮುಂದೆ ದೊಡ್ಡ ಸಂಕಟ ಬಂದಾಗಲೂ ಅದು ನಿಮ್ಮ ಬಳಿಗೇ ಬಂದೀತು. ಮನೆಯಲ್ಲಿ ಹೇಳಲು ಕಲಿತ ಮಗು ನಾಳೆ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ವಿಮಾನದಲ್ಲಿ ತನ್ನ ಸಂದೇಹವನ್ನು ಎರಡನೆಯ ಸಲವೂ ಕೇಳುವ ಧೈರ್ಯ ತೋರೀತು.

ಅಭ್ಯಾಸ

1. ಕುರುಡು ಚುಕ್ಕೆಯ ಪ್ರಯೋಗವನ್ನು ಎಡಗಣ್ಣಿನಿಂದ ಮಾಡುವಾಗ ಯಾವ ಗುರುತನ್ನು ನೋಡಬೇಕು? ಮಾಡಿ ತಿಳಿಯಿರಿ.
2. ನಿಂದೆಗೂ ಹಿಮ್ಮಾಹಿತಿಗೂ ಇರುವ ವ್ಯತ್ಯಾಸವೇನು?
3. ನಿಮ್ಮ ಆಪ್ತ ಗೆಳೆಯನೊಡನೆ ಅಥವಾ ಗೆಳತಿಯೊಡನೆ ಕುಳಿತು, ನಿಮಗೆ ಕಾಣದ ನಿಮ್ಮ ಒಂದು ಅಭ್ಯಾಸವನ್ನು ಕೇಳಿ ತಿಳಿಯಿರಿ. ಉತ್ತರ ಕೊಟ್ಟವರಿಗೆ ವಂದನೆ ಹೇಳಲು ಮರೆಯದಿರಿ.