ಶೆಡ್ಡಿನಲ್ಲಿ ವೆಲ್ಡಿಂಗ್: ಕರೆಂಟ್ ಪಾಯಿಂಟಿಗೆ ಆರು ಸೂತ್ರಗಳು

ಕಬ್ಬಿನ ಟ್ರೇಲರ್ ಬಿರುಕು ಬಿಡುವುದು, ಕೇಜ್ ವೀಲಿನ ಪಟ್ಟಿ ಕಿತ್ತು ಬರುವುದು ಯಾವಾಗಲೂ ಕೆಲಸದ ನಡುವೆಯೇ. ಅದಕ್ಕೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ನನ್ನು ಮನೆಗೇ ತಂದಿಟ್ಟುಕೊಳ್ಳುವ ರೈತರಿದ್ದಾರೆ. ಮೆಷಿನ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೇವೆ. ಅದರ ಪ್ಲಗ್ ಚುಚ್ಚುವ ಪಾಯಿಂಟಿಗೂ ಅಷ್ಟೇ ಗಮನ ಕೊಡಿ.

1. ಮೊದಲು ಆಂಪಿಯರ್ ಲೆಕ್ಕ ಹಾಕಿ.
ಮೆಷಿನ್ ಮೇಲೆ ಬರೆದಿರುವ 200 ಆಂಪಿಯರ್ ರಾಡಿನ ತುದಿಯದ್ದು, ಗೋಡೆಯ ಸಾಕೆಟ್ಟಿನದ್ದಲ್ಲ. 12 ಗೇಜ್ ರಾಡನ್ನು 80 ಆಂಪಿಯರಿನಲ್ಲಿ ಸುಟ್ಟರೆ 230 ವೋಲ್ಟಿನ ಲೈನಿನಿಂದ ಸುಮಾರು 14 ಆಂಪಿಯರ್ ಎಳೆಯುತ್ತದೆ. 10 ಗೇಜ್ ರಾಡಿಗೆ 130ಕ್ಕೆ ಏರಿಸಿದಿರೋ, 24ರ ಹತ್ತಿರ ಹೋಗುತ್ತದೆ. ಗೀಸರಿನ 16 ಆಂಪಿಯರ್ ಸಾಕೆಟ್ ಕರಗುವುದು ಇಲ್ಲೇ. ವೋಲ್ಟೇಜ್ ಬಿದ್ದಾಗ ಇನ್ವರ್ಟರ್ ಇನ್ನೂ ಹೆಚ್ಚು ಎಳೆಯುತ್ತದೆ ಎಂಬುದೂ ನೆನಪಿರಲಿ.

2. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ.
6 ಸ್ಕ್ವೇರ್ ಎಂಎಂ ತಾಮ್ರದ ತಂತಿ, 32 ಆಂಪಿಯರಿನ ಸಿ ಮಾದರಿ ಎಂಸಿಬಿ, 32 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್. ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡದು ಹಾಕಿಸಬೇಡಿ; ಅದು ಕಾಯುತ್ತಿರುವುದು ಗೋಡೆಯೊಳಗಿನ ತಂತಿಯನ್ನು. ಶೆಡ್ಡು 30 ಮೀಟರ್ ದೂರವಿದ್ದು 20 ಆಂಪಿಯರ್ ಹರಿದರೆ, 1.5ರ ತಂತಿ 14 ವೋಲ್ಟಿಗೂ ಹೆಚ್ಚು ನುಂಗುತ್ತದೆ. 6ರದ್ದು ನಾಲ್ಕನ್ನೂ ಮುಟ್ಟದು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದವರಿಗೂ ಎದುರಾದದ್ದು ಇದೇ ದೂರದ ಸಮಸ್ಯೆ. ಅವರು ವೋಲ್ಟೇಜ್ ಏರಿಸಿ ನಷ್ಟ ತಗ್ಗಿಸಿದರು. ನಮಗೆ ಆ ದಾರಿ ಇಲ್ಲ, ತಂತಿಯನ್ನೇ ದಪ್ಪ ಮಾಡಬೇಕು. ಎಕ್ಸ್‌ಟೆನ್ಷನ್ ಬಳಸಲೇಬೇಕಾದರೆ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟ ವೈರು ಬಿಸಿಯೇರಿ ಮೆತ್ತಗಾಗುತ್ತದೆ.

3. ಎರಡು ‘ಅರ್ಥ್’ಗಳನ್ನು ಒಂದೇ ಎಂದುಕೊಳ್ಳಬೇಡಿ.
ನನಗೆ ಅತಿ ಹೆಚ್ಚು ಭಯವಿರುವುದು ಇದರ ಬಗ್ಗೆ. ಪ್ಲಗ್ಗಿನ ಮೂರನೇ ಪಿನ್ನಿನ ಅರ್ಥ್ ನಿಮ್ಮ ಜೀವ ಕಾಯಲು. ಮೆಷಿನ್ನಿನಿಂದ ಹೊರಬರುವ ಅರ್ಥ್ ಕ್ಲಾಂಪ್ ವೆಲ್ಡಿಂಗ್ ಕರೆಂಟ್ ವಾಪಸ್ ಬರುವ ದಾರಿ. ಕ್ಲಾಂಪನ್ನು ಶೆಡ್ಡಿನ ಕಂಬಕ್ಕೋ ಬೋರ್‌ವೆಲ್ ಪೈಪಿಗೋ ಕಚ್ಚಿಸಿದರೆ ನೂರಾರು ಆಂಪಿಯರ್ ಮನೆಯ ಅರ್ಥ್ ತಂತಿ ಹಿಡಿದು ಓಡಾಡಿ ಅದನ್ನೇ ಸುಟ್ಟುಬಿಡಬಹುದು. ಆಮೇಲೆ ಮೆಷಿನ್ನಿನ ಮೈಗೆ ಕರೆಂಟ್ ಬಂದರೂ ಎಂಸಿಬಿ ಬೀಳುವುದಿಲ್ಲ. ಆದ್ದರಿಂದ ತುಕ್ಕು, ಬಣ್ಣ ಉಜ್ಜಿ ತೆಗೆದು, ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕ್ಲಾಂಪ್ ಹಾಕಿ. ಟ್ರ್ಯಾಕ್ಟರಾದರೆ ಬ್ಯಾಟರಿ ತಂತಿ ಮೊದಲು ಬಿಚ್ಚಿ. ದೂರದಲ್ಲಿ ಕ್ಲಾಂಪ್ ಹಾಕಿದರೆ ಕರೆಂಟ್ ಬೇರಿಂಗಿನೊಳಗಿಂದ ಹಾಯುತ್ತದೆ. ಈ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

4. ಕಟಿಂಗ್ ಮೆಷಿನ್ನಿಗೆ ಇನ್ನೊಂದು ಪಾಯಿಂಟ್.
14 ಇಂಚಿನದು 2000 ವ್ಯಾಟಿಗೂ ಹೆಚ್ಚು, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. 16 ಆಂಪಿಯರ್ ಸಾಕೆಟ್ ಸಾಕು, ಆದರೆ ಲೈನ್ ಅದರದ್ದೇ ಇರಲಿ.

5. ಪಂಪ್‌ಸೆಟ್ ಲೈನಿಗೆ ಕೈ ಹಾಕಬೇಡಿ.
ನೀರಾವರಿಗೆ ಕೊಟ್ಟ ಕರೆಂಟನ್ನು ವೆಲ್ಡಿಂಗಿಗೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯಡಿ ಕೇಸು ಬೀಳಬಹುದು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಸಾಲದಿದ್ದರೆ ಸೆಸ್ಕ್ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ. ಊರವರ ಕೆಲಸವನ್ನೂ ಹಣಕ್ಕೆ ಮಾಡುವುದಾದರೆ ಮನೆಯ ಮೀಟರ್ ನಡೆಯದು. ವೈರಿಂಗ್ ಲೈಸೆನ್ಸ್ ಇರುವ ಕಂಟ್ರಾಕ್ಟರರಿಂದಲೇ ಆಗಲಿ.

6. ಕಿಡಿ ಎಲ್ಲಿ ಬೀಳುತ್ತದೆ ನೋಡಿಕೊಂಡು ಸಾಕೆಟ್ ಕೂರಿಸಿ.
ಎದೆಯೆತ್ತರದಲ್ಲಿ, ಬಾಗಿಲ ಬಳಿ ಇದ್ದರೆ ಆಪತ್ತಿನಲ್ಲಿ ತಕ್ಷಣ ಆರಿಸಬಹುದು. ಆಲೆಮನೆಯ ಒಣ ಸಿಪ್ಪೆ, ಕಬ್ಬಿನ ತರಗು, ಭತ್ತದ ಹುಲ್ಲು, ಡೀಸೆಲ್ ಕ್ಯಾನ್ ಹತ್ತು ಮೀಟರಿನಾಚೆ ಇರಲಿ. ಎರಡು ಬಕೆಟ್ ಮರಳು ಪಕ್ಕದಲ್ಲಿಟ್ಟುಕೊಳ್ಳಿ. ಸಿಪ್ಪೆಯೊಳಗೆ ಹೊಕ್ಕ ಕಿಡಿ ಹೊಗೆಯನ್ನೂ ತೋರಿಸದೆ ಬಹಳ ಹೊತ್ತು ಕಾದಿರುತ್ತದೆ; ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಶೆಡ್ಡು ಬಿಟ್ಟು ಹೋಗಬೇಡಿ.