ಡ್ರಿಲ್ಲಿನ ಹಿಡಿಯೊಳಗೆ ನಾಲ್ಕು ಕೆಲಸದ ಒಂದು ಸ್ವಿಚ್ಚು

ಗೋಡೆಗೆ ತೂತು ಕೊರೆಯುವ ಕೈ ಡ್ರಿಲ್ಲಿನ ಸ್ವಿಚ್ಚಿಗೆ ನಾಲ್ಕು ಕೆಲಸ: ಮೋಟಾರನ್ನು ಚಾಲೂ ಮಾಡಿ ನಿಲ್ಲಿಸುವುದು, ವೇಗ ಹೆಚ್ಚುಕಡಿಮೆ ಮಾಡುವುದು, ತಿರುಗುವ ದಿಕ್ಕು ಬದಲಿಸುವುದು, ಬೆರಳು ತೆಗೆದರೂ ಮೋಟಾರು ಓಡುತ್ತಿರುವಂತೆ ಹಿಡಿದಿಡುವುದು. ಅಮೆರಿಕದ ಡಂಕನ್ ಬ್ಲ್ಯಾಕ್ ಮತ್ತು ಅಲೋಂಜೊ ಡೆಕರ್ 1917ರಲ್ಲಿ ಪೇಟೆಂಟ್ ಪಡೆದ ಡ್ರಿಲ್ಲಿನಲ್ಲೇ ಪಿಸ್ತೂಲಿನಂಥ ಹಿಡಿಯೂ ಟ್ರಿಗರ್ ಸ್ವಿಚ್ಚೂ ಇದ್ದವು. ಇಂದಿಗೂ ಸ್ವಿಚ್ಚಿನ ಜಾಗ ಅದೇ. ಅದರ ಮೇಲಿನ ಹೊಣೆ ಮಾತ್ರ ಬೆಳೆದಿದೆ. ನಾಲ್ಕು ಗುಂಡಿಗಳನ್ನು ಒಂದು ಡಬ್ಬಿಗೆ ತುಂಬುವುದು ಸುಲಭ. ಯಾವ ಎರಡು ಕೆಲಸ ಒಟ್ಟಿಗೆ ನಡೆಯಕೂಡದು ಎಂದು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಸ್ವಿಚ್ಚಿನೊಳಗೇ ಅಡ್ಡಿ ಇಡುವುದರಲ್ಲಿ ಕಸುಬು ಇದೆ.

ಮೊದಲು ಹೊರೆಯ ಲೆಕ್ಕ. 600 ವ್ಯಾಟ್ ಡ್ರಿಲ್ 230 ವೋಲ್ಟಿನಲ್ಲಿ ಸುಮಾರು 2.6 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ, ಬಿಟ್ ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡಾಗ, ಇದು ಹಲವು ಪಟ್ಟು ಏರುತ್ತದೆ. ಸ್ವಿಚ್ಚಿನ ಮೇಲೆ 6(4) ಎಂದು ಅಚ್ಚಾಗಿದ್ದರೆ ಹೀಟರಿನಂಥ ಹೊರೆಗೆ 6, ಮೋಟಾರಿಗೆ 4 ಆಂಪಿಯರ್ ಎಂದರ್ಥ. ಇಲ್ಲಿ ಲೆಕ್ಕಕ್ಕೆ ಬರುವುದು ಆವರಣದೊಳಗಿನ ಅಂಕಿ. 5ಇ4 ಎಂಬ ಗುರುತು 50,000 ಬಾರಿ ಒತ್ತಿ ಬಿಟ್ಟರೂ ತಾಳುತ್ತದೆ ಎಂದು ಹೇಳುತ್ತದೆ.

ಸ್ವಿಚ್ಚು ಎರಡೂ ತಂತಿಗಳನ್ನು ಕಡಿಯುವಂತಿರಲಿ. ಎರಡು ಪಿನ್ನಿನ ಪ್ಲಗ್ಗನ್ನು ಸಾಕೆಟ್ಟಿಗೆ ತಿರುಗುಮುರುಗಾಗಿಯೂ ಸಿಕ್ಕಿಸಬಹುದು. ಒಂದೇ ತಂತಿ ಕಡಿಯುವ ಸ್ವಿಚ್ಚಾದರೆ, ಆಫ್ ಮಾಡಿದ ಮೇಲೂ ಮೋಟಾರಿನ ಸುರುಳಿಯಲ್ಲಿ ಫೇಸ್ ಉಳಿದಿರುವ ಸಾಧ್ಯತೆ ಇದೆ.

ಆಮೇಲೆ ಟ್ರಿಗರ್. ಬೆರಳು ಎಷ್ಟೇ ನಿಧಾನವಾಗಿ ಒತ್ತಿದರೂ ಒಳಗಿನ ಕಾಂಟ್ಯಾಕ್ಟ್ ಸ್ಪ್ರಿಂಗಿನ ಬಲದಿಂದ ಟಕ್ಕನೆ ಕೂಡಬೇಕು, ಟಕ್ಕನೆ ಬಿಡಬೇಕು. ತೆವಳಿಕೊಂಡು ಕೂಡುವ ಕಾಂಟ್ಯಾಕ್ಟ್ ಕಿಡಿಯಲ್ಲಿ ಸುಟ್ಟು ಕಪ್ಪಾಗುತ್ತದೆ. ಟ್ರಿಗರಿನ ಓಟದ ಮೊದಲ ಭಾಗದಲ್ಲಿ ಕಾಂಟ್ಯಾಕ್ಟ್ ಕೂಡಿ, ನಂತರದ ಭಾಗದಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ವೇಗ ಹೆಚ್ಚಿಸುತ್ತ ಹೋಗಬೇಕು. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳಿರುತ್ತವೆ. ಪ್ರತಿ ಅರ್ಧ ಅಲೆಯಲ್ಲಿ ಟ್ರಯಾಕ್ ಬೇಗ ತೆರೆದಷ್ಟೂ ವೇಗ ಹೆಚ್ಚು. ಓಟದ ಕೊನೆಯಲ್ಲಿ ಇನ್ನೊಂದು ಕಾಂಟ್ಯಾಕ್ಟ್ ಟ್ರಯಾಕನ್ನು ಬದಿಗಿಟ್ಟು ನೇರವಾಗಿ ಪೂರ್ತಿ ವಿದ್ಯುತ್ ಕೊಟ್ಟರೆ ಒಳ್ಳೆಯದು. ಇಲ್ಲವಾದರೆ 2.6 ಆಂಪಿಯರಿನಲ್ಲಿ ಟ್ರಯಾಕ್ ಒಂದೇ ಸುಮಾರು 3 ವ್ಯಾಟ್ ಶಾಖ ಉಗುಳುತ್ತದೆ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅದು ಕಡಿಮೆಯಲ್ಲ. ಹೇಗೂ ಟ್ರಯಾಕಿನ ಬೆನ್ನಿಗೆ ಚಿಕ್ಕದೊಂದು ಅಲ್ಯೂಮಿನಿಯಂ ತಗಡು ಇರಲೇಬೇಕು.

ಹೆಚ್ಚು ಎಚ್ಚರ ಬೇಕಿರುವುದು ದಿಕ್ಕಿನ ವಿಷಯದಲ್ಲಿ. ಡ್ರಿಲ್ಲಿನಲ್ಲಿರುವುದು ಕಾರ್ಬನ್ ಬ್ರಷ್ಷಿನ ಯೂನಿವರ್ಸಲ್ ಮೋಟಾರು. ಅದಕ್ಕೆ ಬರುವ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗದು, ಏಕೆಂದರೆ ಆರ್ಮೇಚರ್ (ತಿರುಗುವ ಸುರುಳಿ) ಮತ್ತು ಫೀಲ್ಡ್ (ನಿಂತಿರುವ ಸುರುಳಿ) ಎರಡೂ ಒಟ್ಟಿಗೆ ತಿರುವುಮುರುವಾಗುತ್ತವೆ. ಫೀಲ್ಡನ್ನು ಹಾಗೇ ಬಿಟ್ಟು, ಬ್ರಷ್ಷುಗಳಿಗೆ ಹೋಗುವ ಜೋಡಿಯನ್ನಷ್ಟೇ ಅದಲುಬದಲು ಮಾಡಬೇಕು. ಓಡುತ್ತಿರುವಾಗಲೇ ಹಾಗೆ ಮಾಡಿದರೆ ಮೋಟಾರು ತಾನೇ ಹುಟ್ಟಿಸುತ್ತಿದ್ದ ಎದುರು ವೋಲ್ಟೇಜು ಹೊರಗಿನ ವೋಲ್ಟೇಜಿಗೆ ಸೇರಿಕೊಳ್ಳುತ್ತದೆ. ಕರೆಂಟು ಜಿಗಿಯುತ್ತದೆ, ಕಮ್ಯುಟೇಟರಿನಲ್ಲಿ ಕಿಡಿ ಏಳುತ್ತದೆ, ಹಿಡಿದವರ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇದನ್ನು ತಡೆಯಲು ಬಳಕೆದಾರರ ಎಚ್ಚರಿಕೆಯನ್ನು ನಂಬಿ ಕೂರಬಾರದು. ದಿಕ್ಕಿನ ಲಿವರಿನ ಕಾಲು ಟ್ರಿಗರಿನ ಬೆನ್ನಿನ ಕಚ್ಚಿನಲ್ಲಿ ಕೂರುವಂತೆ ಮಾಡಿದರೆ, ಟ್ರಿಗರ್ ಒತ್ತಿರುವಾಗ ಲಿವರ್ ಅಲುಗದು. ಲಿವರ್ ನಡುವೆ ನಿಂತಿದ್ದರೆ ಟ್ರಿಗರ್ ಒತ್ತಲೂ ಬಾರದು. ಒಂದೇ ಪ್ಲಾಸ್ಟಿಕ್ ಕಾಲು ಎರಡೂ ತಪ್ಪುಗಳನ್ನು ತಡೆಯುತ್ತದೆ. ಎಡಗೈಯವರಿಗೂ ಬಲಗೈಯವರಿಗೂ ಎಟುಕುವಂತೆ ಲಿವರ್ ಎರಡೂ ಬದಿಗೆ ಚಾಚಿರಲಿ.

ಹಿಡಿದಿಡುವ ಗುಂಡಿ ಟ್ರಿಗರನ್ನು ಇನ್ನೊಮ್ಮೆ ಒತ್ತಿದೊಡನೆ ತಾನೇ ಬಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಬೆರಳು ಮೊದಲು ಹೋಗುವುದು ಟ್ರಿಗರಿಗೇ. ಈ ಗುಂಡಿಯಿಂದ ಇನ್ನೊಂದು ಅಪಾಯವೂ ಇದೆ. ಡ್ರಿಲ್ ಲಾಕ್ ಆಗಿರುವಾಗ ಕರೆಂಟು ಹೋಗಿ, ಮರೆತು ಕೆಳಗಿಟ್ಟ ಮೇಲೆ ಕರೆಂಟು ಮರಳಿದರೆ ಡ್ರಿಲ್ ತಾನಾಗಿ ತಿರುಗಲು ಶುರುಮಾಡುತ್ತದೆ. ಕರೆಂಟು ಹೋಗಿ ಬರುವುದು ವಾಡಿಕೆಯಾಗಿರುವ ನಮ್ಮ ಊರುಗಳಿಗೆಂದು ರೂಪಿಸುವ ಡ್ರಿಲ್ಲಿಗೆ ಈ ಗುಂಡಿಯೇ ಬೇಡವೆನ್ನುವುದು ಸರಿಯಾದ ತೀರ್ಮಾನ. ಇಡಲೇಬೇಕಿದ್ದರೆ ಮುಂದಿನ ದಿಕ್ಕಿಗೆ ಮಾತ್ರ ಇರಲಿ.

ಇಟ್ಟಿಗೆ, ಕಾಂಕ್ರೀಟಿನ ನುಣ್ಣನೆ ಧೂಳು ಎಲ್ಲ ಸಂದಿಗೂ ಹೊಗುತ್ತದೆ. ಟ್ರಿಗರಿನ ಕಾಂಡಕ್ಕೆ ರಬ್ಬರ್ ಮುಸುಕು ಹಾಕಿ, ಕಾಂಟ್ಯಾಕ್ಟಿನ ಕೋಣೆಯನ್ನು ಬೇರೆಯಾಗಿ ಮುಚ್ಚಬೇಕು.

ಮಾದರಿ ಸಿದ್ಧವಾದ ಮೇಲೆ ಕರೆಂಟು ಕೊಡದೆ, ಲಿವರಿನ ಎರಡು ತುದಿಗಳಲ್ಲಿ ಟ್ರಿಗರ್ ಒತ್ತಿಯೂ ಬಿಟ್ಟೂ, ನಡುವಿನ ಸ್ಥಾನದಲ್ಲಿ ಬಿಟ್ಟೇ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಬಳಿಕ ಮೋಟಾರಿನ ಬದಲು 100 ವ್ಯಾಟಿನ ಹಳೇ ತಂತಿ ಬಲ್ಬು ಜೋಡಿಸಿದರೆ, ಟ್ರಿಗರ್ ಒತ್ತಿದಂತೆ ಬೆಳಕು ಏರುವುದು ಕಣ್ಣಿಗೇ ಕಾಣುತ್ತದೆ. ನಡುವೆ ಮಿಣಮಿಣ ಎಂದರೆ ವೇಗ ನಿಯಂತ್ರಿಸುವ ಭಾಗದಲ್ಲಿ ದೋಷವಿದೆ. ಮೋಟಾರು ಸೇರಿಸುವುದು ಅದಾದ ಮೇಲೆ. ದಿಕ್ಕು ತೋರುವ ಬಾಣಗಳನ್ನು ಸ್ಟಿಕ್ಕರಿನಲ್ಲಿ ಅಂಟಿಸದೆ ಲಿವರಿನ ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿಸಿ. ಬೆವರು, ಗ್ರೀಸ್ ತಾಗಿದ ಸ್ಟಿಕ್ಕರ್ ಹೆಚ್ಚು ದಿನ ಉಳಿಯುವುದಿಲ್ಲ.