ನಮ್ಮ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ?



ತಾತನ ಅಪ್ಪನ ಹೆಸರು ಕೇಳಿದರೆ ಹೇಗೋ ಹೇಳುತ್ತೇವೆ. ಅಜ್ಜಿಯ ತಾಯಿಯ ಹೆಸರು ಕೇಳಿದರೆ ಸುಮ್ಮನಾಗುತ್ತೇವೆ. ಆದರೆ ಪೌತಿ ಖಾತೆಗೆ, ಜಮೀನಿನ ಪಾಲಿಗೆ ವಂಶವೃಕ್ಷ ಬೇಕೇ ಬೇಕು. "ಮದುವೆ ಆಗಿ ಹೋದೋಳ ಹೆಸರು ಯಾಕೆ?" ಅಂತ ಬಿಟ್ಟುಬಿಟ್ಟರೆ ಅವಳ ಪಾಲೂ ಕೈತಪ್ಪಬಹುದು.

ಎಲ್ಲಿ ಹುಡುಕಬೇಕು?

1. ಮನೆಯಲ್ಲಿ: ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಟ್ರಂಕಿನಲ್ಲಿರುವ ಕಂದಾಯ ರಸೀದಿ, ಪಾಲುಪಟ್ಟಿ ಎಸೆಯಬೇಡಿ.

2. ತಾಲ್ಲೂಕು ಕಚೇರಿಯಲ್ಲಿ: ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ, 'ಭೂಮಿ' ಯೋಜನೆಯಿಂದ. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿ, ಮ್ಯುಟೇಶನ್ ನಕಲಿಗೆ ಅರ್ಜಿ ಕೊಡಿ. ಜಮೀನು ಯಾರಿಂದ ಯಾರಿಗೆ, ಹೇಗೆ ಬಂತು ಎಂದು ಮ್ಯುಟೇಶನ್ ಹೇಳುತ್ತದೆ. ಹಳೇ ಕಾಗದದಲ್ಲಿ 'ಕೋಲಾರ ಜಿಲ್ಲೆ' ಎಂದಿದ್ದರೆ ಗಾಬರಿ ಬೇಡ; ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ.

3. ಉಪನೋಂದಣಿ ಕಚೇರಿಯಲ್ಲಿ: ನೋಂದಾಯಿಸಿದ ಉಯಿಲಿನ (ಮರಣಶಾಸನ) ನಕಲು, ಬರೆದವರು ತೀರಿಕೊಂಡ ಮೇಲೆ ಬೇರೆಯವರಿಗೂ ಸಿಗುತ್ತದೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಇರಲೇಬೇಕು.

4. ಜನಗಣತಿಯಲ್ಲಿ ಸಿಗುತ್ತದಾ? ಮೈಸೂರು ಸೀಮೆಯಲ್ಲಿ 1871ರಲ್ಲೇ ಖಾನೇಷುಮಾರಿ ನಡೆದಿತ್ತು. ಅಚ್ಚಾದ ವರದಿಗಳಲ್ಲಿ ತಲೆಗಳ ಲೆಕ್ಕ ಇರುತ್ತದೆ, ಮನೆಮಂದಿಯ ಹೆಸರಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ವಿವರ ಗುಟ್ಟು. ಬದಲಿಗೆ ಶಾಲೆಯ ದಾಖಲಾತಿ ಪುಸ್ತಕ, ಹಳೇ ಮತದಾರರ ಪಟ್ಟಿ ನೋಡಿ.

ಕಾನೂನು ಏನು ಹೇಳುತ್ತದೆ?

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲಿ ಕೊಟ್ಟ ಹಕ್ಕು ಅದಕ್ಕೂ ಮೊದಲೇ ಮದುವೆಯಾದವರಿಗೆ ಇರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಸೇರಿಸಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿದ್ದರೆ ಅದು ಹಾಗೇ ಉಳಿಯುತ್ತದೆ. ತಂದೆ ಸ್ವಯಾರ್ಜಿತ ಆಸ್ತಿಯನ್ನು ಯಾರಿಗಾದರೂ ಉಯಿಲು ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ. ಕ್ರೈಸ್ತ, ಮುಸ್ಲಿಂ ಕುಟುಂಬಗಳಿಗೆ ಬೇರೆ ಕಾನೂನಿದೆ.

ಅರಿಶಿನ ಕುಂಕುಮಕ್ಕೆ ಅಂತ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ? ಓದಿಸಿ ಕೇಳದೆ ಒತ್ತಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಉಚಿತ ಸಲಹೆ ಸಿಗುತ್ತದೆ. ಆದಾಯದ ಮಿತಿ ಇಲ್ಲ.

ಸಂಘದ ಸಭೆಗೆ ಕೆಲಸ

* ಪ್ರತಿಯೊಬ್ಬರೂ ತವರಿನ ಮತ್ತು ಗಂಡನ ಮನೆಯ ಮೂರು ತಲೆಮಾರು ಬರೆದು ತನ್ನಿ.
* ತೀರಿಕೊಂಡವರು, ಮದುವೆಯಾಗಿ ಹೋದವರು, ಎಲ್ಲರ ಹೆಸರೂ ಇದೆಯೇ ನೋಡಿ.
* ಓದು ಬರಹ ಬಲ್ಲವರು ಬಾರದವರಿಗೆ ಬರೆದುಕೊಡಿ.